ಜೋಗಿಮಟ್ಟಿಯಿಂದ ಇಳಿದ ಕಾರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಭೇಟಿಯಾದಾಗಲೆಲ್ಲ "ಸಾರ್, ನೀವು ನಾಲ್ಕು ಹೊಡೆತದ ಇಂಜಿನ್ನನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದುದು ಇಂದಿಗೂ ನೆನಪಿದೆ" ಎನ್ನುವುದುಂಟು. ಹೀರುವಿಕೆ, ಒತ್ತುವಿಕೆ, ಸ್ಫೋಟ, ಹೊರದಬ್ಬುವಿಕೆ ಎಂದು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಪಾಠವನ್ನು ಮಾಡಿದ ನಾನು, ನಿಜವಾದ ಇಂಜಿನ್ನೊಂದರ ಒಡಲನ್ನು ಕಣ್ಣಾರೆ ಕಂಡದ್ದು 1996ರ ಶ್ರಾವಣದಲ್ಲಿ, ಐವತ್ತರ ವಯಸ್ಸಿನಲ್ಲಿ. ತೋರಿಸಿದವನು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನನ್ನದೇ ಒಬ್ಬ ವಿದ್ಯಾರ್ಥಿ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನು ಮುಜುಗರಪಡುತ್ತಾನೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕ, ಭಾವ ಮತ್ತು ಮಕ್ಕಳು ಹೊಸದುರ್ಗದಿಂದ ನಮ್ಮ ಮನೆಗೆ ಬಂದಿದ್ದರು. ಭಾವನವರದು ಕೊಬ್ಬರಿ ವ್ಯಾಪಾರ. ಹಿಂದಿನ ವರ್ಷವಷ್ಟೇ ಅವರು ಸಾಲ ಮಾಡಿ ಬೇರೆಯವರಿಂದ ಒಂದು ಮಾರುತಿ 800 ಕಾರನ್ನು ಕೊಂಡಿದ್ದರು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಕಾರು ಹೊರಬಂದ ಮೇಲೆ, ನಮ್ಮಂಥ ಮಧ್ಯಮವರ್ಗದವರ ಮನೆಗಳಿಗೆ ಕಾರೆಂಬ ವಸ್ತು ಕಾಲಿಟ್ಟದ್ದೇ ಹೀಗೆ, ಎರಡನೆಯ ಅಥವಾ ಮೂರನೆಯ ಕೈಯಿಂದ. ನಮ್ಮ ಇಡೀ ಕುಟುಂಬದಲ್ಲಿ ಅದೇ ಮೊದಲ ಕಾರು. ಭಾವ ಅದನ್ನು ದಿನವೂ ಒರೆಸಿ, ಸಂಜೆ ಹೊದಿಕೆ ಹೊದಿಸಿ ಮಲಗಿಸುತ್ತಿದ್ದರು. ನಾನೂ ಆಗಷ್ಟೇ ಚಾಲನೆ ಕಲಿತು ಪರವಾನಗಿ ಪಡೆದಿದ್ದೆನಾದ್ದರಿಂದ ಕೈ ತುರಿಸುತ್ತಿತ್ತು. ಹಬ್ಬದ ನಂತರದ ಭಾನುವಾರ ಊಟವಾದ ಮೇಲೆ, "ಮಕ್ಕಳಿಗೆ ಜೋಗಿಮಟ್ಟಿ ತೋರಿಸಿಕೊಂಡು ಬರುತ್ತೇನೆ, ಗಾಡಿ ಕೊಡಿ ಭಾವ" ಎಂದು ಕೇಳಿದೆ. ಅವರ ಮುಖ ಒಂದು ಕ್ಷಣ ಸಣ್ಣದಾಯಿತು. ಆದರೂ ಮನೆಯ ಅಳಿಯನಾಗಿ ಬಂದವರು ಇಲ್ಲವೆನ್ನಲಾರದೆ ಚಾವಿ ಕೊಟ್ಟು, ಒಳಗೆ ಹೋಗಿ ಮಲಗಿದರು.

ಚಿತ್ರದುರ್ಗವೆಂದರೆ ಬಿಸಿಲು, ಬಂಡೆ, ಬರ ಎಂದಷ್ಟೇ ತಿಳಿದವರು ಶ್ರಾವಣದಲ್ಲಿ ಜೋಗಿಮಟ್ಟಿಗೆ ಹೋಗಬೇಕು. ಊರಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಸುಮಾರು 3800 ಅಡಿ ಎತ್ತರದಲ್ಲಿ, ಮೋಡ ಮೈಗೆ ತಾಗಿಕೊಂಡೇ ಹೋಗುತ್ತದೆ. ಕೆಳಗೆ ಆಡುಮಲ್ಲೇಶ್ವರ, ಮೇಲೆ ಬ್ರಿಟಿಷರ ಕಾಲದ ಬಂಗಲೆ, ನಡುವೆ ಕುರುಚಲು ಕಾಡಿನ ತಿರುವು ರಸ್ತೆ. ಈಗ ಸುತ್ತಲಿನ ಗುಡ್ಡಸಾಲುಗಳ ಮೇಲೆಲ್ಲ ಗಾಳಿಯಂತ್ರಗಳು ನಿಂತಿವೆ. 2015ರಲ್ಲಿ ಆ ಕಾಡು ವನ್ಯಜೀವಿಧಾಮವಾಗಿಯೂ ಘೋಷಿತವಾಗಿದೆ. ಆಗ ಅವೆರಡೂ ಇರಲಿಲ್ಲ. ಗಾಳಿ ಮಾತ್ರ ಇತ್ತು. ಅಕ್ಕನ ಸೆರಗು ಹಾರಿ ನನ್ನ ಮಡದಿಯ ಮುಖಕ್ಕೆ ಸುತ್ತಿಕೊಂಡದ್ದು, ಮಕ್ಕಳು ಬಿದ್ದು ಬಿದ್ದು ನಕ್ಕದ್ದು ಇಂದಿಗೂ ಕಣ್ಣಮುಂದಿದೆ.

ಇಳಿಯಲು ಹೊರಟು ಎರಡು ತಿರುವು ದಾಟಿರಬಹುದು, ಇಂಜಿನ್ನು ನಿಂತುಹೋಯಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ; ಯಾರೋ ಚಾವಿ ತಿರುಗಿಸಿ ಆರಿಸಿದಂತೆ ಸುಮ್ಮನಾಯಿತು. ಮತ್ತೆ ಚಾವಿ ಹಾಕಿದರೆ ಸ್ಟಾರ್ಟರ್ ತಿರುಗುವ ಸದ್ದೇ ಬೇರೆಯಾಗಿತ್ತು. ಎಂದಿನ ಭಾರದ ಏದುಸಿರಿಲ್ಲದೆ, ಖಾಲಿ ಬೀಸುಕಲ್ಲು ತಿರುಗಿದಂತೆ ಗಿರ್ರನೆ ಹಗುರವಾಗಿ ತಿರುಗುತ್ತಿತ್ತು. "ಮಾವ, ಪೆಟ್ರೋಲ್ ಮುಗಿಯಿತಾ?" ಎಂದಳು ಅಕ್ಕನ ಮಗಳು. ಸಂಜೆಯಾಗುತ್ತಿತ್ತು, ಮಳೆ ಹನಿಯುತ್ತಿತ್ತು, ಅದು ಕಾಡು. ಇಳಿಜಾರಿದೆಯಲ್ಲ, ಹಾಗೆಯೇ ಉರುಳಿಸಿಕೊಂಡು ಕೆಳಗಿಳಿಯೋಣವೆಂದು ನಿರ್ಧರಿಸಿದೆ. ಬೆಟ್ಟದಿಂದ ಇಳಿಯುವಾಗ ಬರೀ ಬ್ರೇಕನ್ನು ನಂಬಬಾರದು, ಗೇರಿನಲ್ಲೇ ಇಳಿಸಬೇಕು ಎಂದು ಚಾಲನೆ ಕಲಿಸಿದವರು ಹೇಳಿದ್ದರು. ಅದರಂತೆ ಎರಡನೆಯ ಗೇರಿಗೆ ಹಾಕಿ, ನಿಧಾನವಾಗಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತ ಕೆಳಗಿಳಿಸಿದೆ. ಆಡುಮಲ್ಲೇಶ್ವರದ ಬಳಿ ರಸ್ತೆ ಸಮವಾದೊಡನೆ ಕಾರು ನಿಂತಿತು.

ಅಕ್ಕನ ಮಗ ಯಾರದೋ ಸ್ಕೂಟರಿನ ಹಿಂದೆ ಕುಳಿತು ಊರಿಗೆ ಹೋಗಿ, ಮುಕ್ಕಾಲು ಗಂಟೆಯಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದ. ಮೂವತ್ತರ ಆಸುಪಾಸಿನ, ಗಟ್ಟಿಮೈಯ, ಕೈಯೆಲ್ಲ ಗ್ರೀಸಾದ ಆಳು. ನನ್ನನ್ನು ನೋಡಿದೊಡನೆ "ನಮಸ್ಕಾರ ಮೇಷ್ಟ್ರೇ" ಎಂದ. ನನಗೆ ಗುರುತು ಹತ್ತಲಿಲ್ಲ. ಅವನೇ ತಂದೆಯ ಹೆಸರು, ಹಳ್ಳಿಯ ಹೆಸರು ಹೇಳಿದ ಮೇಲೆ ಹತ್ತಿತು. ಹತ್ತಿದ ಮೇಲೆ ಸ್ವಲ್ಪ ಕಸಿವಿಸಿಯೂ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಅವನು ಬಾನೆಟ್ಟು ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, "ಸಾರ್, ಒಂದ್ಸಲ ಚಾವಿ ತಿರುಗಿಸಿ" ಎಂದ. ತಿರುಗಿಸಿದೆ. ಅದರೊಳಗಿನ ರೋಟರು ಅಲುಗಾಡಲಿಲ್ಲ. "ಬೆಲ್ಟ್ ಹೋಗಿದೆ" ಎಂದ. ಅಷ್ಟೇ ಪರೀಕ್ಷೆ. ಆ ರೋಟರನ್ನು ತಿರುಗಿಸುವುದು ಮೇಲಿನ ಕ್ಯಾಮ್ ಷಾಫ್ಟು. ಕ್ಯಾಮ್ ಷಾಫ್ಟನ್ನು ತಿರುಗಿಸುವುದು ಹಲ್ಲಿನ ಬೆಲ್ಟು. ಕೆಳಗೆ ಇಂಜಿನ್ನು ತಿರುಗಿಯೂ ಮೇಲೆ ರೋಟರು ತಿರುಗದಿದ್ದರೆ ನಡುವಿನ ಕೊಂಡಿ ಇಲ್ಲವೆಂದೇ ಅರ್ಥ. ಎಂಟನೆಯ ತರಗತಿಯವನಿಗೂ ಹೊಳೆಯಬೇಕಾದ ತರ್ಕ. ನನಗೆ ಹೊಳೆದಿರಲಿಲ್ಲ.

ಆಮೇಲೆ ಅವನು ಚಾಲಕನ ಆಸನದಲ್ಲಿ ಕುಳಿತು, ಗೇರಿನ ಕೋಲನ್ನೊಮ್ಮೆ ಅಲ್ಲಾಡಿಸಿ ನ್ಯೂಟ್ರಲ್ಲಿಗೆ ತಂದ. ದಾರಿಯಲ್ಲಿ ಹೋಗುತ್ತಿದ್ದ ಜೀಪೊಂದನ್ನು ನಿಲ್ಲಿಸಿ, ಹಗ್ಗ ಕಟ್ಟಿಸಿ, ಹೊಳಲ್ಕೆರೆ ರಸ್ತೆಯ ಬದಿಯಲ್ಲಿದ್ದ ತನ್ನ ಶೆಡ್ಡಿಗೆ ಕಾರನ್ನು ಎಳೆಸಿಕೊಂಡು ಹೋದ. ಅಷ್ಟು ಹೊತ್ತಿಗೆ ಭಾವನವರೂ ಸುದ್ದಿ ತಿಳಿದು ಆಟೋದಲ್ಲಿ ಬಂದು ನಿಂತಿದ್ದರು. ಅವರು ಏನನ್ನೂ ಅನ್ನಲಿಲ್ಲ. ಬಾನೆಟ್ಟಿನ ಅಂಚನ್ನು ಅಂಗೈಯಿಂದ ಸವರುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ.

ಬಲ್ಬಿನ ಬೆಳಕಿನಲ್ಲಿ ಪಕ್ಕದ ಮುಚ್ಚಳ ತೆಗೆದರೆ, ಒಳಗೆ ಬೆಲ್ಟೇ ಇಲ್ಲ. ಹರಿದ ತುಂಡೂ ಇಲ್ಲ. ಯಾವ ಕಾಲದಲ್ಲೋ ಯಾರೋ ಕೆಳಮುಚ್ಚಳದ ಅರ್ಧವನ್ನು ಮುರಿದು ಹಾಗೆಯೇ ಬಿಟ್ಟಿದ್ದರು. ಆ ಕಿಂಡಿಯಿಂದ ಬೆಲ್ಟು ಜಾರಿ ಜೋಗಿಮಟ್ಟಿಯ ಯಾವುದೋ ತಿರುವಿನಲ್ಲಿ ಬಿದ್ದುಹೋಗಿತ್ತು. ರಬ್ಬರಿನ ಬೆಲ್ಟಿಗೆ ಓಡಿದ ದೂರದಿಂದಷ್ಟೇ ಅಲ್ಲ, ಕಳೆದ ವರ್ಷಗಳಿಂದಲೂ ಮುಪ್ಪು ಬರುತ್ತದೆ. ಹಿಂದಿನ ಮಾಲೀಕರು ಅದನ್ನು ಎಂದು ಬದಲಿಸಿದ್ದರೆಂಬ ದಾಖಲೆ ಭಾವನವರ ಕೈಯಲ್ಲಿರಲಿಲ್ಲ. ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಈ ಜಾಗದಲ್ಲಿ ಉಕ್ಕಿನ ಸರಪಳಿಯಿರುತ್ತಿತ್ತು. ಸರಪಳಿ ಸವೆದರೆ ಗಲಗಲ ಸದ್ದು ಮಾಡಿ ಮುಂಚೆಯೇ ಎಚ್ಚರಿಸುತ್ತದೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಎಂಬ ಕಂಪನಿ ಕಾರಿನ ಇಂಜಿನ್ನಿಗೆ ಹಲ್ಲಿನ ರಬ್ಬರ್ ಬೆಲ್ಟನ್ನು ತಂದಿತು. ಹಗುರ, ಅಗ್ಗ, ಎಣ್ಣೆ ಬೇಡ, ಸದ್ದಿಲ್ಲ. ಆದರೆ ಹರಿಯುವಾಗಲೂ ಸದ್ದಿಲ್ಲ.

ಬೆಲ್ಟು ಕಳೆದುಹೋದರೆ ಏನಾಯಿತು, ಹೊಸದನ್ನು ಹಾಕಿದರಾಯಿತಲ್ಲ ಎಂದು ನಾನೂ ಅಂದೆ. ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾದೀತು. ಸೂಜಿ ಕೆಳಗಿಳಿದು ಮೇಲೇಳುವ ಆ ಕ್ಷಣಕ್ಕೇ ಕೆಳಗಿನ ಕೊಕ್ಕೆ ಬಂದು ದಾರವನ್ನು ಹಿಡಿಯಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೂ ಹೊಲಿಗೆ ಬೀಳದು. ಇಂಜಿನ್ನಿನಲ್ಲಿಯೂ ಹಾಗೆಯೇ. ಕೆಳಗೆ ಕ್ರ್ಯಾಂಕ್ ಷಾಫ್ಟು ಎರಡು ಸುತ್ತು ಸುತ್ತುವಷ್ಟರಲ್ಲಿ ಮೇಲೆ ಕ್ಯಾಮ್ ಷಾಫ್ಟು ಸರಿಯಾಗಿ ಒಂದೇ ಸುತ್ತು ಸುತ್ತಿ, ಪಿಸ್ಟನ್ನಿನ ನಡಿಗೆಗೆ ತಕ್ಕಂತೆ ಕವಾಟಗಳನ್ನು ತೆರೆದು ಮುಚ್ಚಬೇಕು. ಮೇಲಿನ ಚಕ್ರಕ್ಕೆ ನಲವತ್ತು ಹಲ್ಲೆಂದು ಇಟ್ಟುಕೊಳ್ಳಿ. ಒಂದೇ ಹಲ್ಲು ತಪ್ಪಿ ಕೂರಿಸಿದರೆ ಮೇಲೆ ಒಂಬತ್ತು ಡಿಗ್ರಿ, ಕೆಳಗೆ ಹದಿನೆಂಟು ಡಿಗ್ರಿ ವ್ಯತ್ಯಾಸ. ಕಾರು ಹೊರಟರೂ ಏದುಸಿರು ಬಿಡುತ್ತದೆ. ಹಳೆಯ ಬೆಲ್ಟು ಜಾಗದಲ್ಲಿದ್ದರೆ ಮೆಕ್ಯಾನಿಕ್ಕುಗಳು ಅದಕ್ಕೂ ಎರಡು ಚಕ್ರಗಳಿಗೂ ಬಿಳಿ ಬಣ್ಣದ ಬೊಟ್ಟಿಟ್ಟು, ಹಾಗೆಯೇ ಹೊಸದಕ್ಕೆ ನಕಲಿಳಿಸುತ್ತಾರೆ. ಇಲ್ಲಿ ನಕಲು ಮಾಡಲು ಮೂಲವೇ ಇರಲಿಲ್ಲ. ತಯಾರಕರು ಚಕ್ರಗಳ ಮೇಲೆ ಗುರುತು ಹಾಕಿರುತ್ತಾರೆ, ನಿಜ. ಆದರೆ ನಮ್ಮ ಮೇಲಿನ ಚಕ್ರದ ಮೇಲೆ ಒಂದರ ಬದಲು ಮೂರು ಗುರುತುಗಳಿದ್ದವು. ಹಿಂದೆ ಕೈಹಾಕಿದವರು ತಮ್ಮ ಅನುಕೂಲಕ್ಕೆ ಉಳಿಯಿಂದ ಕೊರೆದಿದ್ದರು.

ಅಷ್ಟರಲ್ಲಿ ಅವನು ಕೈ ಒರೆಸಿಕೊಳ್ಳುತ್ತ, ತಲೆ ಎತ್ತದೆ ಕೇಳಿದ: "ಸಾರ್, ಬೆಟ್ಟ ಇಳಿಯುವಾಗ ಗೇರಲ್ಲಿ ಇಳಿಸಿದ್ರಾ, ನ್ಯೂಟ್ರಲ್ಲಾ?"

"ಯಾಕಪ್ಪಾ?" ಎಂದೆ.

"ಬೆಲ್ಟ್ ಇಲ್ದೆ ಗೇರಲ್ಲಿ ಇಳಿಸಿದ್ರೆ ಚಕ್ರ ಇಂಜಿನ್ನನ್ನ ತಿರುಗಿಸ್ತದೆ ಸಾರ್. ಕೆಳಗೆ ಪಿಸ್ಟನ್ ಓಡಾಡ್ತಾ ಇರ್ತದೆ, ಮೇಲೆ ಕವಾಟ ತೆರಕೊಂಡು ನಿಂತಿರ್ತದೆ. ಕೆಲವು ಇಂಜಿನ್ನಲ್ಲಿ ಎರಡೂ ಹೊಡಕೊಂಡು ಕವಾಟ ಬಾಗ್ತದೆ. ಹೆಡ್ ಬಿಚ್ಬೇಕಾಗ್ತದೆ."

ಭಾವ ನನ್ನ ಮುಖವನ್ನು ನೋಡಿದರು. ಹೆಡ್ ಬಿಚ್ಚುವುದೆಂದರೆ ಎಷ್ಟು ಖರ್ಚೆಂಬುದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

"ನ್ಯೂಟ್ರಲ್ಲಿನಲ್ಲೇ" ಎಂದೆ.

"ಸರಿ ಸಾರ್" ಎಂದು ಅವನು ಬಲ್ಬು ಆರಿಸಿದ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊರಳಾಡುತ್ತಿದ್ದಾಗ, ಆಡುಮಲ್ಲೇಶ್ವರದ ಬಳಿ ಅವನು ಆಸನದಲ್ಲಿ ಕುಳಿತು ಕೋಲನ್ನು ನ್ಯೂಟ್ರಲ್ಲಿಗೆ ತಂದದ್ದು ನೆನಪಿಗೆ ಬಂತು. ನಾನು ಬಿಟ್ಟಿಳಿದಾಗ ಅದು ಎರಡನೆಯ ಗೇರಿನಲ್ಲೇ ಇತ್ತು. ಅಂದರೆ ಅವನಿಗೆ ತಿಳಿದಿತ್ತು, ತಿಳಿದೇ ಕೇಳಿದ್ದ.

ಉತ್ತರ ತಿಳಿದಿದ್ದು ಪ್ರಶ್ನೆ ಕೇಳುವ ಅಭ್ಯಾಸ ನನ್ನದೂ ಆಗಿತ್ತು. 1979ರಲ್ಲಿ ಆ ಹುಡುಗ ಎಂಟನೆಯ ತರಗತಿಯಲ್ಲಿದ್ದ. ಸೀತಾಫಲದ ಕಾಲ. ಪರೀಕ್ಷೆಯಿದ್ದ ಒಂದು ದಿನ ಶಾಲೆಗೆ ಬರಲಿಲ್ಲ. ಸಂಜೆ ನಾನು ಸೈಕಲ್ಲಿನಲ್ಲಿ ಹೋಗುವಾಗ, ಜೋಗಿಮಟ್ಟಿ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರುತ್ತಿದ್ದ. ಅವನು ನನ್ನನ್ನು ನೋಡಲಿಲ್ಲ. ಮರುದಿನ ತರಗತಿಯಲ್ಲಿ ನಿಲ್ಲಿಸಿ "ನಿನ್ನೆ ಯಾಕೋ ಬರಲಿಲ್ಲ?" ಎಂದು ಮೆತ್ತಗೆ ಕೇಳಿದೆ. "ಜ್ವರ ಬಂದಿತ್ತು ಸಾರ್" ಎಂದ. ಕೈ ಚಾಚಿಸಿ ನಾಲ್ಕೇಟು ಕೊಟ್ಟೆ. ಬಾರದಿದ್ದುದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಎಂದು ಇಡೀ ತರಗತಿಗೆ ಕೇಳುವಂತೆ ವಿವರಿಸಿಯೂ ಇದ್ದೆ. ಆ ವಿವರಣೆಯ ಬಗ್ಗೆ ಅಂದು ನನಗೆ ಹೆಮ್ಮೆಯೂ ಇತ್ತು.

ಸೋಮವಾರ ಶಾಲೆಗೆ ರಜೆ ಹಾಕಿ ಬೆಳಿಗ್ಗೆಯೇ ಶೆಡ್ಡಿಗೆ ಹೋದೆ. ಭಾವ ಬರಲು ಇನ್ನೂ ಹೊತ್ತಿತ್ತು. ಅಂಗಡಿಯವರು ಹಳೆಯ ಬೆಲ್ಟಿನ ಮಾದರಿ ಕೇಳಿದರಂತೆ. ಅದಿಲ್ಲವೆಂದು ಗಾಡಿಯ ವರ್ಷ ಹೇಳಿ ತಂದಿದ್ದ. ಅದರ ಹಲ್ಲುಗಳು ಚಕ್ರದ ಹಲ್ಲಿಗೆ ಕೂರುತ್ತವೆಯೇ ಎಂದು ಮೊದಲು ಒತ್ತಿ ನೋಡಿದ. ನಂತರ ಮೂರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪೊರಕೆಯಿಂದ ಉದ್ದನೆಯ ತೆಂಗಿನ ಕಡ್ಡಿಯೊಂದನ್ನು ಎಳೆದು, ಮೊದಲನೆಯ ತೂತಿನೊಳಗೆ ಪಿಸ್ಟನ್ನಿಗೆ ತಾಗುವಂತೆ ಇಳಿಬಿಟ್ಟ. ಕಡ್ಡಿಗೆ ಒಂದು ಕಡೆ ದಾರ ಸುತ್ತಿದ್ದ.

ಪಿಸ್ಟನ್ನು ತುತ್ತತುದಿಗೆ ಬಂದ ಕ್ಷಣವನ್ನು ಕಂಡುಹಿಡಿಯುವುದು ಮೊದಲ ಕೆಲಸ. ಇದು ಕೇಳಿದಷ್ಟು ಸುಲಭವಲ್ಲ. ತುದಿಯ ಹತ್ತಿರ ಷಾಫ್ಟು ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಕದಲಿದಂತೆ ಕಾಣುವುದಿಲ್ಲ. ಎಸೆದ ಕಲ್ಲು ಮೇಲೆ ಒಂದು ಗಳಿಗೆ ನಿಂತಂತೆ ತೋರುತ್ತದಲ್ಲ, ಹಾಗೆ. ಅವನು ಏನು ಮಾಡಿದನೆಂದರೆ, ಸ್ಪ್ಯಾನರಿನಿಂದ ಕೈಯಲ್ಲೇ ಷಾಫ್ಟನ್ನು ತಿರುಗಿಸುತ್ತ, ಕಡ್ಡಿ ಮೇಲೇರಿ ದಾರವು ತೂತಿನ ಅಂಚಿಗೆ ಬಂದಾಗ ಕೆಳಗಿನ ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಇನ್ನೂ ತಿರುಗಿಸಿದ. ಕಡ್ಡಿ ಮೇಲೇರಿ, ನಿಂತು, ಇಳಿಯತೊಡಗಿ, ದಾರ ಪುನಃ ಅಂಚಿಗೆ ಬಂದಾಗ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಕಮಾನಿನ ಉದ್ದಕ್ಕೆ ಬೀಡಿಕಟ್ಟಿನ ಕಾಗದ ಸುತ್ತಿ, ಹರಿದು, ಸರಿಯಾಗಿ ಮಡಿಸಿ, ಮಡಿಕೆಯ ಜಾಗದಲ್ಲಿ ಮೂರನೆಯ ಗೆರೆ ಎಳೆದ. ಅದೇ ತುದಿ. "ನೀವೇ ಹೇಳಿಕೊಟ್ಟಿದ್ದು ಸಾರ್, ಕೋನಾನ ಅರ್ಧ ಮಾಡೋದು" ಎಂದ. ನಾನು ಹೇಳಿಕೊಟ್ಟದ್ದು ಕೈವಾರದಲ್ಲಿ ಹಾಳೆಯ ಮೇಲೆ. ಈ ಉಪಯೋಗ ನನ್ನ ಕನಸಿನಲ್ಲಿಯೂ ಬಂದಿರಲಿಲ್ಲ.

ಇನ್ನು ಮೇಲಿನ ಕ್ಯಾಮನ್ನು ಅದಕ್ಕೆ ಹೊಂದಿಸಬೇಕು. ಅದಕ್ಕೆ ಮುಂಚೆ ಕ್ರ್ಯಾಂಕನ್ನು ತುದಿಯಿಂದ ಸ್ವಲ್ಪ ಹಿಂದಕ್ಕೆ ಸರಿಸಿಟ್ಟ, ಕ್ಯಾಮ್ ತಿರುಗಿಸುವಾಗ ಕವಾಟ ಯಾವ ಪಿಸ್ಟನ್ನಿಗೂ ತಾಗದಿರಲೆಂದು. "ನಾಲ್ಕು ಸಿಲಿಂಡರ್ ಗಾಡಿಗಾದ್ರೆ ಕಾಲು ಸುತ್ತು ಸಾರ್. ಇದು ಮೂರರದ್ದು. ಕಾಲು ಸುತ್ತು ಸರಿಸಿದ್ರೆ ಇನ್ನೊಂದು ಪಿಸ್ಟನ್ ಮೇಲೆ ಬಂದ್ಬಿಡ್ತದೆ. ಇದಕ್ಕೆ ಆರನೇ ಒಂದು ಭಾಗ." ಮನೆಗೆ ಬಂದ ಮೇಲೆ ಕಾಗದದ ಮೇಲೆ ಲೆಕ್ಕ ಮಾಡಿದೆ. ಮೂರು ಪಿಸ್ಟನ್ನುಗಳ ನಡುವೆ 120 ಡಿಗ್ರಿ. ಮೊದಲನೆಯದನ್ನು 60 ಡಿಗ್ರಿ ಸರಿಸಿದರೆ ಒಂದು ಪಿಸ್ಟನ್ನು ಪೂರ್ತಿ ಕೆಳಗೆ, ಉಳಿದೆರಡೂ ತುದಿಯಿಂದ 60 ಡಿಗ್ರಿ ದೂರ. 90 ಸರಿಸಿದರೆ ಒಂದು ಪಿಸ್ಟನ್ನು ತುದಿಗೆ 30 ಡಿಗ್ರಿಯಷ್ಟೇ ದೂರದಲ್ಲಿರುತ್ತದೆ. ಅವನ ಮಾತು ಅಕ್ಷರಶಃ ಸರಿ. ಗಣಿತ ಇವನ ತಲೆಗೆ ಹತ್ತುವುದಿಲ್ಲವೆಂದು ನಾನೇ ಅಂಕಪಟ್ಟಿಯಲ್ಲಿ ಷರಾ ಬರೆದಿದ್ದೆ.

ಮೇಲೆ, ಮೊದಲನೆಯ ಸಿಲಿಂಡರಿನ ಎರಡು ರಾಕರುಗಳ ಮೇಲೆ ಎರಡು ಬೆರಳಿಟ್ಟು ಕ್ಯಾಮನ್ನು ತಿರುಗಿಸಿದ. ಹೊಗೆ ಹೋಗುವ ಕವಾಟ ಮುಚ್ಚಿಕೊಳ್ಳುತ್ತಿರುವಾಗಲೇ ಗಾಳಿ ಬರುವ ಕವಾಟ ತೆರೆದುಕೊಳ್ಳತೊಡಗುವ ಒಂದು ಸಂಧಿಕ್ಷಣವಿದೆ. ಒಬ್ಬರು ಹೊಸ್ತಿಲು ದಾಟುತ್ತಿರುವಾಗ ಇನ್ನೊಬ್ಬರು ಒಳಗೆ ಕಾಲಿಟ್ಟಂತೆ. ಎರಡೂ ಕೊಂಚ ಕೊಂಚವೇ ತೆರೆದಿರುವ ಆ ಸ್ಥಿತಿ ಬರುವುದು ಪಿಸ್ಟನ್ನು ತುದಿಯಲ್ಲಿದ್ದಾಗ. ಕ್ಯಾಮನ್ನು ಅಲ್ಲಿ ನಿಲ್ಲಿಸಿ, ಕ್ರ್ಯಾಂಕನ್ನು ಮತ್ತೆ ತುದಿಯ ಗೆರೆಗೆ ತಂದು, ಬೆಲ್ಟು ತೊಡಿಸಿದ. ಆನಂತರ ಕೆಳಚಕ್ರದ ಗುರುತು ಅದರ ಬಾಣಕ್ಕೆ ಎದುರಾಗುವವರೆಗೆ ತಿರುಗಿಸಿ, ಮೇಲಿನ ಚಕ್ರವನ್ನು ನೋಡಿದೆವು. ಮೊದಲ ಸುತ್ತಿಗೆ ಅಲ್ಲಿ ಯಾವ ಗುರುತೂ ಇರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಾಗ ಮೂರರಲ್ಲಿ ಒಂದು ಗುರುತು, ಎಲ್ಲಕ್ಕಿಂತ ಮಂಕಾಗಿದ್ದ ಒಂದು ಚುಕ್ಕಿ, ಹಿಂಬದಿಯ ಕಚ್ಚಿಗೆ ನೇರವಾಗಿ ಬಂದು ನಿಂತಿತು. ಉಳಿಯಿಂದ ಕೊರೆದ ಎರಡು ಗುರುತುಗಳೂ ದೂರ ಉಳಿದವು. ತಯಾರಕರ ಗುರುತು ಅದೇ ಎಂಬುದು ಹೀಗೆ ರುಜುವಾತಾಯಿತು. ಬಿಗಿ ಮಾಡುವ ರಾಟೆಯನ್ನು ಸಡಿಲಿಸಿ, ಅದರ ಸ್ಪ್ರಿಂಗು ತಾನಾಗಿ ಬೆಲ್ಟನ್ನು ಎಳೆದುಕೊಳ್ಳಲು ಬಿಟ್ಟು, ಎರಡು ಸುತ್ತು ತಿರುಗಿಸಿ, ಬೋಲ್ಟು ಬಿಗಿದ. ಗುರುತುಗಳನ್ನು ಮತ್ತೊಮ್ಮೆ ನೋಡಿದ.

ಈ ಕೆಲಸದ ನಡುವೆ ನಾನು ಸುಮ್ಮನಿರಲಾರದೆ, "ಶಾಲೆ ಯಾಕೆ ಬಿಟ್ಟೆಯಪ್ಪಾ?" ಎಂದು ಕೇಳಿದ್ದೆ.

"ಅಪ್ಪಂಗೆ ಆಗ್ತಿರ್ಲಿಲ್ಲ ಸಾರ್. ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪಂಗೆ ಜ್ವರ ಬಂತಲ್ಲ, ಸೀತಾಫಲ ಕಾಲದಲ್ಲಿ. ಕಿತ್ತ ಹಣ್ಣು ಮನೇಲಿ ಕೊಳೀತಿತ್ತು, ನಾನೇ ಹೋಗಿ ಮಾರ್ದೆ. ಆಮೇಲೆ ಅವನು ಸರಿಯಾಗಿ ಏಳ್ಲೇ ಇಲ್ಲ."

ರಾಟೆಯ ಬೋಲ್ಟಿನ ಮೇಲೆ ಕಣ್ಣಿಟ್ಟೇ ಹೇಳಿದ. ಏಟಿನ ಮಾತು ಅವನು ಎತ್ತಲಿಲ್ಲ. ಜ್ವರ ಬಂದಿತ್ತು ಸಾರ್ ಎಂದಿದ್ದ. ಯಾರಿಗೆ ಎಂದು ನಾನು ಕೇಳಿರಲಿಲ್ಲ.

ಭಾವ ಬಂದರು. ಮೂರು ತೂತುಗಳ ಮೇಲೂ ಒಂದೊಂದಾಗಿ ಹೆಬ್ಬೆರಳು ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲು ಹೇಳಿದ. ಮೂರರಲ್ಲಿಯೂ ಗಾಳಿ ಬೆರಳನ್ನು ಫಟ್ಟನೆ ದೂಡಿತು. ಕವಾಟಗಳಾವುವೂ ಬಾಗಿರಲಿಲ್ಲ. ಪ್ಲಗ್ಗು ಹಾಕಿ ಚಾವಿ ತಿರುಗಿಸಿದರೆ, ಬೆಲ್ಟಿನೊಂದಿಗೆ ಹಿಂದಿನ ದಿನ ಕಳೆದುಹೋಗಿದ್ದ ಆ ಭಾರದ ಏದುಸಿರು ಮರಳಿ ಬಂದು, ಎರಡನೆಯ ಯತ್ನಕ್ಕೆ ಇಂಜಿನ್ನು ಹೊತ್ತಿಕೊಂಡಿತು. ಭಾವನವರ ಮುಖ ಅರಳಿದ್ದನ್ನು ಬಣ್ಣಿಸಲಾರೆ.

"ಮೇಷ್ಟ್ರು ನ್ಯೂಟ್ರಲ್ಲಲ್ಲಿ ಇಳಿಸಿದ್ದು ಒಳ್ಳೇದಾಯ್ತು ನೋಡಿ ಸ್ವಾಮಿ" ಎಂದ ಅವನು, ಭಾವನವರಿಗೆ. ಕೊಂಕಿರಲಿಲ್ಲ, ನಗುವಿರಲಿಲ್ಲ. ಬೆಲ್ಟಿನ ಬೆಲೆಯನ್ನೂ ಅರ್ಧ ದಿನದ ಕೂಲಿಯನ್ನೂ ಭಾವನವರಿಂದ ಪಡೆದ. ನಾನು ಕೊಡಲು ಹೋದ ಹಣವನ್ನು ಇಬ್ಬರೂ ಮುಟ್ಟಲಿಲ್ಲ. ಮುಚ್ಚಳ ಹಾಕುವ ಮುನ್ನ ಆ ಮಂಕು ಚುಕ್ಕಿಯ ಮೇಲೆ ಬಿಳಿ ಬಣ್ಣವಿಟ್ಟು, ಮುಚ್ಚಳದ ಒಳಮೈಯಲ್ಲಿ ತಾರೀಖನ್ನು ಬರೆದ.

ಮುಂದಿನ ವಾರ ಹೇಳಲೇಬೇಕೆಂದು ನಿಶ್ಚಯಿಸಿ ಶೆಡ್ಡಿಗೆ ಹೋದೆ. ಅವನು ಜೀಪೊಂದರ ಕೆಳಗೆ ಮಲಗಿದ್ದ. "ಬಂದ್ರಾ ಸಾರ್, ಅಲ್ಲೇ ಹದಿನೇಳರ ಸ್ಪ್ಯಾನರ್ ಇದೆ, ಕೊಡಿ" ಎಂದ. ಕೊಟ್ಟೆ. ಆಮೇಲೆ ಹನ್ನೆರಡರದು ಕೇಳಿದ, ಅದನ್ನೂ ಕೊಟ್ಟೆ. ಟೀ ತರಿಸಿದ, ಕುಡಿದು ಮನೆಗೆ ಬಂದೆ. ಆ ನಂತರ ಹೋದಾಗಲೆಲ್ಲ ಹೀಗೆಯೇ ಏನಾದರೊಂದು ಆಯಿತು.

ಭಾವ ಆ ಕಾರನ್ನು ಇನ್ನೂ ಎಂಟು ವರ್ಷ ಓಡಿಸಿ ಮಾರಿದರು. 2014ರ ಜನವರಿಯಲ್ಲಿ ಆ ಮಾದರಿಯ ತಯಾರಿಕೆಯೇ ನಿಂತಿತು. ಭಾವ ಅದಕ್ಕೂ ಮುಂಚೆಯೇ ಹೋಗಿಬಿಟ್ಟಿದ್ದರು. ಮನೆಗೆ ಬಂದವರೊಡನೆ ಜೋಗಿಮಟ್ಟಿಯ ಮಾತೆತ್ತಿ, "ನಮ್ಮ ಮೇಷ್ಟ್ರು ಇಂಜಿನ್ ಉಳಿಸಿಕೊಟ್ಟರು" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅಕ್ಕನ ಮಕ್ಕಳಿಬ್ಬರೂ ಇದನ್ನು ಓದುತ್ತಾರೆಂದು ಬಲ್ಲೆ. ಅಂದು ಕಾರು ಎರಡನೆಯ ಗೇರಿನಲ್ಲಿತ್ತು.